ಶಾಲೆ ಗೇಟಿನ ಮುಂದಿನ ಮುನ್ನೂರು ಮೀಟರ್

ದಸರಾ ರಜೆ ಶುರುವಾದ ಮಾರನೇ ದಿನ ಬೆಂಗಳೂರಿನಲ್ಲಿ ಆಫೀಸಿಗೆ ಹೊರಟವರಿಗೆ ಒಂದು ವಿಷಯ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಸಿಗ್ನಲ್‌ನಲ್ಲಿ ಮೂರು ಸಲ ಕೆಂಪು ನೋಡುತ್ತಿದ್ದವರು ಒಂದೇ ಸಲಕ್ಕೆ ದಾಟಿಬಿಡುತ್ತಾರೆ. ಏಪ್ರಿಲ್, ಮೇನಲ್ಲೂ ಅಷ್ಟೇ. ಆಮೇಲೆ ಜೂನ್ ಬರುತ್ತದೆ, ಮಳೆ ಬರುತ್ತದೆ, ಶಾಲೆ ತೆರೆಯುತ್ತದೆ, ಮತ್ತೆ ಅದೇ ಕಥೆ. ರಜೆಯಲ್ಲಿ ಎಷ್ಟೋ ಜನ ಊರಿಗೆ ಹೋಗಿರುತ್ತಾರೆ ನಿಜ. ಆದರೂ ಬೆಳಗಿನ ಟ್ರಾಫಿಕ್‌ನಲ್ಲಿ ಶಾಲೆಯ ಪಾಲು ಎಷ್ಟು ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ಪುರಾವೆ ಬೇಕಿಲ್ಲ.

ಪರಿಸರ ದಿನ ಬಂದಾಗ ಶಾಲೆಗಳಲ್ಲಿ ಭಾಷಣ ಆಗುತ್ತದೆ. ಮಕ್ಕಳನ್ನು ನಡೆಸಿಕೊಂಡು ಬನ್ನಿ, ಸೈಕಲ್ ಕೊಡಿಸಿ, ಕಾರು ಬೇಡ. ಭಾಷಣಕ್ಕೆ ಚಪ್ಪಾಳೆ ತಟ್ಟಿದ ಅಪ್ಪ ಅಮ್ಮಂದಿರೇ ಮಾರನೇ ದಿನ ಕಾರಿನಲ್ಲಿ ಬಂದು ಮಗುವನ್ನು ಇಳಿಸುತ್ತಾರೆ. ಅವರೇನು ಸೋಮಾರಿಗಳಲ್ಲ, ಪರಿಸರದ ಮೇಲೆ ಅವರಿಗೆ ದ್ವೇಷವೂ ಇಲ್ಲ. ಅವರ ಲೆಕ್ಕ ಅವರ ಮಟ್ಟಿಗೆ ಸರಿಯಾಗಿಯೇ ಇದೆ. ಆ ಲೆಕ್ಕ ಹೇಗೆ ನಡೆಯುತ್ತದೆ ಅಂತ ಅರ್ಥವಾದರೆ ಎಲ್ಲಿ ಕೈ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಗೇಟಿನ ಮುಂದೆ ನಿಂತು ನೋಡೋಣ. ಒಂದು ಕಾರು ಬಂದು ನಿಲ್ಲುತ್ತದೆ. ಬಾಗಿಲು ತೆರೆಯಬೇಕು, ಡಿಕ್ಕಿಯಿಂದ ಬ್ಯಾಗ್ ತೆಗೆಯಬೇಕು, ಸೀಟಿನ ಕೆಳಗೆ ಉರುಳಿದ ನೀರಿನ ಬಾಟಲಿ ಹುಡುಕಬೇಕು, ಟೈ ಸರಿ ಮಾಡಬೇಕು, ಡೈರಿಗೆ ಸೈನ್ ಹಾಕಿಲ್ಲ ಅಂತ ಆಗಲೇ ನೆನಪಾಗುತ್ತದೆ. ಇಷ್ಟಕ್ಕೆ 40 ಸೆಕೆಂಡ್ ಅಂದರೂ ಅರ್ಧ ಗಂಟೆಯಲ್ಲಿ ಒಂದು ಜಾಗದಲ್ಲಿ 45 ಕಾರು ಮಾತ್ರ ಮಕ್ಕಳನ್ನು ಇಳಿಸಬಹುದು. ಗೇಟಿನ ಮುಂದೆ ಅಂಥ ಮೂರು ಜಾಗ ಇದ್ದರೆ 135. ಬರುವುದು 300 ಕಾರಾದರೆ ಉಳಿದವು ಎಲ್ಲಿ ಹೋಗಬೇಕು? ಸಾಲಾಗಿ ನಿಲ್ಲಬೇಕು. ಒಂದು ಕಾರಿಗೆ ಮುಂದಿನ ಅಂತರವೂ ಸೇರಿ 6 ಮೀಟರ್ ಹಿಡಿದರೆ ನೂರು ಕಾರಿಗೆ 600 ಮೀಟರ್ ಸಾಲು. ಅಲ್ಲಿಗೆ ಪಕ್ಕದ ಮುಖ್ಯರಸ್ತೆ ಕಟ್ಟಿಕೊಂಡಿತು ಅಂತಲೇ ಅರ್ಥ. ಶಾಲೆಗೆ ಸಂಬಂಧವೇ ಇಲ್ಲದವರೂ, ಆಂಬುಲೆನ್ಸೂ ಅದರಲ್ಲಿ ಸಿಕ್ಕಿಬೀಳುತ್ತವೆ.

ನಡೆದು ಬರುವ ಮಗುವಿಗೆ ಇಂಥ ಜಾಗವೇ ಬೇಕಿಲ್ಲ. ಸೀದಾ ಒಳಗೆ ಹೋಗುತ್ತದೆ.

ಇನ್ನೊಂದು ಲೆಕ್ಕ ನಮ್ಮ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಶಾಲೆ ಮನೆಯಿಂದ 3 ಕಿಲೋಮೀಟರ್ ಇದೆ ಅಂದುಕೊಳ್ಳಿ. ಬೆಳಿಗ್ಗೆ ಬಿಟ್ಟು ವಾಪಸ್ ಬಂದರೆ 6, ಸಂಜೆ ಕರೆತಂದರೆ ಮತ್ತೆ 6. ದಿನಕ್ಕೆ 12 ಕಿಲೋಮೀಟರ್. ಇದರಲ್ಲಿ ಅರ್ಧ ದಾರಿ ಕಾರಿನಲ್ಲಿ ಮಗುವೇ ಇರುವುದಿಲ್ಲ! ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಲೀಟರಿಗೆ 12 ಕಿಲೋಮೀಟರ್ ಮೈಲೇಜ್ ಸಿಕ್ಕಿದರೆ ದಿನಕ್ಕೆ ಒಂದು ಲೀಟರ್ ಪೆಟ್ರೋಲ್. ಒಂದು ಲೀಟರ್ ಸುಟ್ಟರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು ಅನ್ನುತ್ತದೆ. ಗುಣಿಸಿದರೆ ಒಂದು ಮಗುವಿನ ಲೆಕ್ಕಕ್ಕೆ ಅರ್ಧ ಟನ್‌ನಷ್ಟು ಹೊಗೆ. ಪೆಟ್ರೋಲಿಗೆ ನೂರು ರೂಪಾಯಿ ಹಿಡಿದರೂ 22,000 ರೂಪಾಯಿ ಖರ್ಚು. ಆಫೀಸಿಗೆ ಹೋಗುವ ದಾರಿಯಲ್ಲೇ ಶಾಲೆ ಇದ್ದವರಿಗೆ ಇದು ಕಡಿಮೆಯಾಗುತ್ತದೆ. ಆದರೆ ಬಿಟ್ಟು ಮನೆಗೆ ವಾಪಸ್ ಬರುವವರೂ ಕಮ್ಮಿ ಇಲ್ಲ.

ಎಲ್ಲರೂ ಸರಿ, ಆದರೂ ತಪ್ಪು

ಈಗ ಒಬ್ಬ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಶಾಲೆ ಒಂದೇ ಕಿಲೋಮೀಟರ್. ಏಳು ವರ್ಷದ ಮಗು ಅಮ್ಮನ ಕೈ ಹಿಡಿದು ಇಪ್ಪತ್ತು ನಿಮಿಷದಲ್ಲಿ ತಲುಪಬಹುದು. ಆದರೆ ಫುಟ್‌ಪಾತ್ ಸ್ವಲ್ಪ ದೂರ ಹೋಗಿ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ನಿಂತುಬಿಡುತ್ತದೆ. ಅದನ್ನು ಸುತ್ತಿ ಹೋಗಲು ರಸ್ತೆಗೆ ಇಳಿಯಬೇಕು. ಮುಂದೆ ಚರಂಡಿಯ ಚಪ್ಪಡಿ ಒಂದು ಕಾಣೆ. ಶಾಲೆ ಹತ್ತಿರ ಬಂದಷ್ಟೂ ಗಾಡಿಗಳು ಜಾಸ್ತಿ. ರಿವರ್ಸ್ ತೆಗೆಯುವ ವ್ಯಾನು, ಹೊರಗೆ ಬ್ಯಾಗುಗಳನ್ನು ನೇತುಹಾಕಿಕೊಂಡ ಆಟೊ, ಎಡಕ್ಕೆ ನುಗ್ಗುವ ಸ್ಕೂಟರ್. ಇಡೀ ದಾರಿಯಲ್ಲಿ ಭಯವಾಗುವ ಜಾಗ ಗೇಟಿನ ಮುಂದಿನದೇ.

ಹಾಗಾಗಿ ಆಕೆ ಗಾಡಿ ತೆಗೆಯುತ್ತಾಳೆ. ಯಾರು ತಪ್ಪು ಅನ್ನಲಾದೀತು? ಆದರೆ ಆಕೆಯ ಗಾಡಿ ಸೇರಿದ್ದರಿಂದ ನಡೆದು ಬರುವ ಇನ್ನೊಂದು ಮಗುವಿಗೆ ಅಪಾಯ ಒಂದಿಷ್ಟು ಹೆಚ್ಚಾಯಿತು. ಆ ಮಗುವಿನ ಅಪ್ಪನೂ ಸ್ವಲ್ಪ ದಿನ ನೋಡಿ, ಇದ್ಯಾಕೋ ಸರಿ ಬರಲ್ಲ ಅಂತ ಬೈಕ್ ತೆಗೆಯುತ್ತಾನೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಹಾಗೆ, ಗಾಡಿ ಜಾಸ್ತಿ ಅಂತ ಗಾಡಿ ತರುತ್ತಾರೆ, ಗಾಡಿ ತಂದಿದ್ದಕ್ಕೆ ಗಾಡಿ ಜಾಸ್ತಿ. ಇದರಿಂದ ಒಬ್ಬರೇ ಹೊರಗೆ ಬರಲು ಸಾಧ್ಯವಿಲ್ಲ. ಒಬ್ಬ ತಾಯಿ ಮಾತ್ರ ಧೈರ್ಯ ಮಾಡಿ ನಡೆದರೆ ಅವಳ ಮಗುವಿಗೆ ಅಪಾಯ, ಉಳಿದವರಿಗೆ ಒಂದು ಗಾಡಿ ಕಮ್ಮಿಯಾದ ಲಾಭ. ಭಾಷಣ ಕೆಲಸ ಮಾಡದಿರುವುದು ಇದಕ್ಕೇ. ಬದಲಾಗಬೇಕಾದ್ದು ಪೋಷಕರ ಮನಸ್ಸಿಗಿಂತ ಮೊದಲು ಗೇಟಿನ ಸುತ್ತಲಿನ ಇನ್ನೂರು ಮುನ್ನೂರು ಮೀಟರ್ ರಸ್ತೆ.

ಶಾಲೆಯ ಸಮಯವನ್ನೇ ಬದಲಿಸಿದರೆ ಆಗದೇ ಎಂಬ ಯೋಚನೆಯೂ ಬಂದಿತ್ತು. 2023ರಲ್ಲಿ ಹೈಕೋರ್ಟ್ ಸೂಚನೆ ಮೇಲೆ ಶಿಕ್ಷಣ ಇಲಾಖೆ ಬೆಂಗಳೂರಿನ ಶಾಲೆಗಳ ಜೊತೆ ಸಭೆ ನಡೆಸಿತು. ಈಗಲೇ ಮಕ್ಕಳು ಎದ್ದೆವೋ ಬಿದ್ದೆವೋ ಅಂತ ಓಡುತ್ತಿದ್ದಾರೆ, ಇನ್ನೂ ಬೇಗ ಬೇಡ ಎಂದು ಶಾಲೆಗಳೂ ಪೋಷಕರೂ ಒಪ್ಪಲಿಲ್ಲ. ಒಪ್ಪಿದ್ದರೂ ಕಾರುಗಳ ಹೊತ್ತು ಬದಲಾಗುತ್ತಿತ್ತೇ ಹೊರತು ಸಂಖ್ಯೆ ಕಡಿಮೆಯಾಗುತ್ತಿರಲಿಲ್ಲ.

ವೇಗದ ವಿಷಯ

ಮೂವತ್ತರಲ್ಲಿ ಹೋದರೂ ಐವತ್ತರಲ್ಲಿ ಹೋದರೂ ಊರೊಳಗೆ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಗಾಡಿಗಳ ನಡುವಿನಿಂದ ಒಂದು ಮಗು ರಸ್ತೆಗೆ ಓಡಿ ಬಂತು. ಚಾಲಕನಿಗೆ ಅದು ಕಂಡು, ಕಾಲು ಬ್ರೇಕ್ ಮುಟ್ಟಲು ಒಂದು ಸೆಕೆಂಡಾದರೂ ಬೇಕು. 30ರ ವೇಗದಲ್ಲಿ ಆ ಸೆಕೆಂಡಿನಲ್ಲಿ ಗಾಡಿ 8 ಮೀಟರ್ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ, ರಸ್ತೆ ಒಣಗಿದ್ದರೆ, ಇನ್ನು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13. ಈಗ 50ರ ಗಾಡಿ. ಅದು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ದಾಟಿರುತ್ತದೆ. ಅಂದರೆ, ನಿಧಾನದ ಗಾಡಿ ಪೂರ್ತಿ ನಿಂತಿರುವ ಜಾಗದಲ್ಲಿ ವೇಗದ ಗಾಡಿಯ ಚಾಲಕ ಇನ್ನೂ ಬ್ರೇಕ್ ಮುಟ್ಟಿರುವುದೇ ಇಲ್ಲ. ಅದು ನಿಲ್ಲುವಷ್ಟರಲ್ಲಿ 28 ಮೀಟರ್ ಆಗಿರುತ್ತದೆ. ಮಳೆಯಲ್ಲಿ ಇನ್ನೂ ಜಾಸ್ತಿ.

ನಾವು ಮಕ್ಕಳಿಗೆ ಆ ಕಡೆ ಈ ಕಡೆ ನೋಡಿ ದಾಟು ಅಂತ ಹೇಳಿಕೊಡುತ್ತೇವೆ. ಹೇಳಿಕೊಡಲೇಬೇಕು. ಆದರೆ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೆಯದೇ ಸಮಸ್ಯೆ ತೋರಿಸಿತು. ಗಂಟೆಗೆ ಸುಮಾರು 32 ಕಿಲೋಮೀಟರ್‌ಗಿಂತ ಜೋರಾಗಿ ಬರುವ ಗಾಡಿ ತಮ್ಮತ್ತ ಬರುತ್ತಿದೆ ಅನ್ನುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಸರಿಯಾಗಿ ಹಿಡಿಯದೇ ಹೋಗಬಹುದು. ದೊಡ್ಡವರಿಗೆ ಈ ತೊಂದರೆ ಇಲ್ಲ. ಮಗು ನೋಡದೆ ಓಡಿತು ಅಂತ ನಾವು ಬೈಯುತ್ತೇವೆ. ಎಷ್ಟೋ ಸಲ ನೋಡಿಯೇ ಓಡಿರುತ್ತದೆ, ಪಾಪ.

ಹೀಗಾಗಿ ಶಾಲೆಯ ಸುತ್ತ ವೇಗ ಇಳಿಸುವುದು ಮೊದಲ ಕೆಲಸ. ‘ನಿಧಾನ, ಮುಂದೆ ಶಾಲೆ ಇದೆ’ ಅನ್ನುವ ಹಳದಿ ಬೋರ್ಡ್ ಎಲ್ಲ ಕಡೆ ಇದೆ, ಅದನ್ನು ಓದಿ ನಿಧಾನವಾದವರನ್ನು ನಾನಂತೂ ನೋಡಿಲ್ಲ. ರಸ್ತೆಯೇ ನಿಧಾನ ಮಾಡಿಸಬೇಕು. ಹಂಪ್ ಹಾಕುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದು, ರಸ್ತೆ ದಾಟುವ ಜಾಗವನ್ನು ಫುಟ್‌ಪಾತ್ ಎತ್ತರಕ್ಕೇ ಏರಿಸುವುದು. ಆಗ ಮಗು ರಸ್ತೆಗೆ ಇಳಿಯಬೇಕಿಲ್ಲ, ಗಾಡಿಯೇ ಮಗುವಿನ ಮಟ್ಟಕ್ಕೆ ಹತ್ತಿ ಇಳಿಯಬೇಕು. ಫುಟ್‌ಪಾತ್ ಹೇಗಿರಬೇಕು ಅಂತ ನಮ್ಮಲ್ಲಿ ನಿಯಮ ಇಲ್ಲ ಅಂದುಕೊಳ್ಳಬೇಡಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಬರೆದಿದೆ: ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 15 ಸೆಂಟಿಮೀಟರ್ ಮೀರಬಾರದು. ಎತ್ತರದ ಮಾತು ಯಾಕೆ ಅಂದರೆ, ಮೊಣಕಾಲೆತ್ತರದ ಫುಟ್‌ಪಾತನ್ನು ಹತ್ತಿ ಇಳಿಯುವ ಬದಲು ಮಕ್ಕಳೂ ಅಜ್ಜಿಯರೂ ರಸ್ತೆಯಲ್ಲೇ ನಡೆಯುತ್ತಾರೆ.

ಮುಕ್ಕಾಲು ಗಂಟೆ ಬೀದಿ ಮುಚ್ಚಿದರೆ

ಇಟಲಿಯ ಬೋಲ್ಜಾನೊ ಊರಿನಲ್ಲಿ 1989ರಲ್ಲಿ ಒಂದು ಸರಳ ಪ್ರಯೋಗ ಶುರುವಾಯಿತು. ಶಾಲೆ ಶುರುವಾಗುವಾಗ ಮತ್ತು ಬಿಡುವಾಗ, ಸ್ವಲ್ಪ ಹೊತ್ತು ಮಾತ್ರ, ಶಾಲೆ ಮುಂದಿನ ಬೀದಿಗೆ ಗಾಡಿ ಬಿಡುವುದಿಲ್ಲ. ಬ್ಯಾರಿಕೇಡ್ ಎಳೆಯುವುದು, ಸಮಯ ಮುಗಿದ ಮೇಲೆ ತೆಗೆಯುವುದು. ಇಷ್ಟೇ. ಇದನ್ನೇ ಈಗ ‘ಸ್ಕೂಲ್ ಸ್ಟ್ರೀಟ್’ ಅಂತ ಕರೆಯುತ್ತಾರೆ. ಲಂಡನ್ನಿನಲ್ಲಿ ಇಂಥ ಬೀದಿಗಳು ಈಗ 500ಕ್ಕೂ ಜಾಸ್ತಿ ಇವೆ. ಪ್ಯಾರಿಸ್ ಇನ್ನೂ ಮುಂದೆ ಹೋಗಿ ಕೆಲವು ಶಾಲಾ ಬೀದಿಗಳನ್ನು ಇಡೀ ದಿನಕ್ಕೆ ಮುಚ್ಚಿ, ಡಾಂಬರು ಕಿತ್ತು ಗಿಡ ನೆಟ್ಟಿತು. ಇನ್ನೂ 500 ಬೀದಿಗಳಿಂದ ಕಾರು ತೆಗೆಯೋಣವೇ ಎಂದು 2025ರ ಮಾರ್ಚ್‌ನಲ್ಲಿ ಅಲ್ಲಿ ಜನರ ಮತ ಕೇಳಿದಾಗ, ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಹೌದು ಎಂದರು. ಮತ ಹಾಕಲು ಬಂದವರು ನೂರಕ್ಕೆ ನಾಲ್ಕೇ ಮಂದಿ ಅನ್ನುವುದನ್ನೂ ಹೇಳಿಬಿಡಬೇಕು.

ಇದರ ಜಾಣತನ ಇರುವುದು ಕಾಲದಲ್ಲಿ. ಬೀದಿಯನ್ನು ಶಾಶ್ವತವಾಗಿ ಮುಚ್ಚುತ್ತೇವೆ ಅಂದರೆ ಅಂಗಡಿಯವರೂ ನಿವಾಸಿಗಳೂ ಎದ್ದು ನಿಲ್ಲುತ್ತಾರೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ ಅಂದರೆ ಮಾತಿಗೆ ಜಾಗ ಇರುತ್ತದೆ. ಆ ಬೀದಿಯಲ್ಲೇ ಮನೆ ಇರುವವರಿಗೆ, ನಡೆಯಲಾಗದ ಮಕ್ಕಳನ್ನು ಕರೆತರುವ ಗಾಡಿಗೆ, ಆಂಬುಲೆನ್ಸ್‌ಗೆ ವಿನಾಯಿತಿ ಇರುತ್ತದೆ. ದೂರದಿಂದ ಕಾರಿನಲ್ಲಿ ಬರುವವರೂ ಬರಬಹುದು, ಆದರೆ ಮುನ್ನೂರು ಮೀಟರ್ ಆಚೆ ನಿಲ್ಲಿಸಿ ಮಗುವಿನ ಜೊತೆ ಕೊನೆಯ ನಾಲ್ಕೈದು ನಿಮಿಷ ನಡೆಯಬೇಕು. ಮೇಲೆ ಹೇಳಿದ ಸಿಕ್ಕು ಇಲ್ಲಿ ಬಿಚ್ಚುತ್ತದೆ. ಗೇಟಿನ ಮುಂದೆ ಗಾಡಿ ಇಲ್ಲ ಅಂದಾಗ ಹತ್ತಿರದ ಮನೆಯವರು ನಡೆಸಲು ಹೆದರುವುದಿಲ್ಲ, ಅವರು ನಡೆದಷ್ಟೂ ಆಚೆ ರಸ್ತೆಯಲ್ಲೂ ಗಾಡಿ ಕಮ್ಮಿ.

ಹಾಗಾದರೆ ಟ್ರಾಫಿಕ್ ಪಕ್ಕದ ಬೀದಿಗೆ ಹೋಗಲ್ವಾ? ಎಲ್ಲರೂ ಕೇಳುವ ಪ್ರಶ್ನೆ. ಎಡಿನ್‌ಬರೊ ನೇಪಿಯರ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಊರುಗಳ ವರದಿಗಳನ್ನು ಒಟ್ಟು ಮಾಡಿ 2020ರಲ್ಲಿ ನೋಡಿದಾಗ, ಬಹುತೇಕ ಕಡೆ ಪಕ್ಕದ ಬೀದಿಗಳಲ್ಲಿ ಹೇಳಿಕೊಳ್ಳುವಂಥ ಸುರಕ್ಷತೆಯ ತೊಂದರೆ ಕಂಡಿರಲಿಲ್ಲ. ಲಂಡನ್ನಿನ ಮೂರು ಭಾಗಗಳಲ್ಲಿ, 18 ಶಾಲೆಗಳಲ್ಲಿ ಗಾಳಿ ಅಳೆದಾಗ ಗಾಡಿ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಬೆಳಗಿನ ಹೊತ್ತು ಶೇ 23ರ ತನಕ ಕಡಿಮೆಯಾಗಿತ್ತು.

ಅಲ್ಲಿ ಆಗುತ್ತದೆ, ನಮ್ಮಲ್ಲಿ ಆಗಲ್ಲ ಅನ್ನುವವರಿಗೆ ಚರ್ಚ್ ಸ್ಟ್ರೀಟ್ ನೆನಪಿಸಬೇಕು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಆ ಬೀದಿಗೆ ಗಾಡಿ ಬಿಡಲಿಲ್ಲ. ಜನ ಬೀದಿ ತುಂಬಾ ಓಡಾಡಿದರು. ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೂ ಭಾನುವಾರ ಗಾಡಿ ಬಿಡುವುದಿಲ್ಲ. ಬ್ಯಾರಿಕೇಡ್ ಹಾಕುವ ವಿದ್ಯೆ ನಮಗೂ ಬರುತ್ತದೆ. ಅದನ್ನು ಶಾಲೆ ಮುಂದೆ ಹಾಕಿಲ್ಲ, ಅಷ್ಟೇ. ರೆಸಿಡೆನ್ಸಿ ರೋಡ್‌ನಂಥ ದೊಡ್ಡ ರಸ್ತೆಗೆ ಬಾಗಿಲು ತೆರೆಯುವ ಶಾಲೆಗಳಿಗೆ ಈ ಉಪಾಯ ನೇರವಾಗಿ ಒಗ್ಗುವುದಿಲ್ಲ. ಅಲ್ಲಿ ಹಿಂದಿನ ಗೇಟು, ಪಕ್ಕದ ಕ್ರಾಸ್ ರಸ್ತೆ ನೋಡಬೇಕು. ಬಡಾವಣೆಗಳ ಒಳಗೆ, ಮೇನ್ ಕ್ರಾಸ್ ಲೆಕ್ಕದ ಬೀದಿಗಳಲ್ಲಿರುವ ನೂರಾರು ಶಾಲೆಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಗುಂಪಾಗಿ ಹೊರಟರೆ

ಜಪಾನಿನಲ್ಲಿ ಆರೇಳು ವರ್ಷದ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಶಾಲೆಗೆ ನಡೆದು ಹೋಗುವ ವಿಡಿಯೋ ನೀವೂ ನೋಡಿರುತ್ತೀರಿ. ಎಷ್ಟು ಶಿಸ್ತು ಅಂತ ಹೊಗಳಿ ಸುಮ್ನಾಗುತ್ತೇವೆ. ಶಿಸ್ತಿಗಿಂತ ಜಾಸ್ತಿ ಅಲ್ಲಿ ವ್ಯವಸ್ಥೆ ಇದೆ. ಸರ್ಕಾರಿ ಪ್ರಾಥಮಿಕ ಶಾಲೆ ಯಾವುದು ಅನ್ನುವುದು ಮನೆ ವಿಳಾಸದ ಮೇಲೆ ತೀರ್ಮಾನವಾಗುತ್ತದೆ, ಹಾಗಾಗಿ ಶಾಲೆ ಸಾಮಾನ್ಯವಾಗಿ ಹತ್ತಿರ. ಯಾವ ದಾರಿಯಲ್ಲಿ ಬರಬೇಕು ಅಂತ ಶಾಲೆಯೇ ಗುರುತು ಮಾಡಿಕೊಡುತ್ತದೆ. ಹಲವು ಊರುಗಳಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳು ಒಂದೆಡೆ ಸೇರಿ, ದೊಡ್ಡ ತರಗತಿಯವರು ಮುಂದೆ, ಚಿಕ್ಕವರು ನಡುವೆ, ಸಾಲಾಗಿ ಹೋಗುತ್ತಾರೆ. ರಸ್ತೆ ದಾಟುವಲ್ಲಿ ಬಾವುಟ ಹಿಡಿದ ಅಜ್ಜ ಅಜ್ಜಿಯರು ನಿಂತಿರುತ್ತಾರೆ. ಕಾರು ಕೊಳ್ಳುವವರು ನಿಲ್ಲಿಸಲು ಜಾಗ ಇದೆ ಅಂತ ತೋರಿಸಬೇಕು ಎಂಬ ಕಾನೂನು 1962ರಿಂದಲೂ ಇರುವುದರಿಂದ ಗಲ್ಲಿಗಳಲ್ಲಿ ರಾತ್ರಿಯಿಡೀ ನಿಂತ ಕಾರುಗಳಿಲ್ಲ. ನಮ್ಮ ಬೀದಿಗಳಲ್ಲಿ ಮಗು ಮರೆಯಾಗುವುದು ಅಂಥ ಕಾರುಗಳ ಹಿಂದೆಯೇ.

ಅಲ್ಲೂ ಅಪಘಾತ ಆಗಿಲ್ಲ ಅಂತಲ್ಲ. 2012ರಲ್ಲಿ ಕ್ಯೋಟೊ ಬಳಿಯ ಕಮೆಓಕದಲ್ಲಿ ಸಾಲಾಗಿ ಹೋಗುತ್ತಿದ್ದ ಮಕ್ಕಳ ಮೇಲೆ ಕಾರು ನುಗ್ಗಿತು. ಆಮೇಲೆ ದೇಶದ ಶಾಲಾ ದಾರಿಗಳನ್ನೆಲ್ಲ ತಪಾಸಣೆ ಮಾಡಿ, ಸರಿಪಡಿಸಬೇಕಾದ 70,000ಕ್ಕೂ ಹೆಚ್ಚು ಜಾಗಗಳನ್ನು ಪಟ್ಟಿ ಮಾಡಿದರು. ಮಕ್ಕಳನ್ನು ಕಾರಿನಲ್ಲಿ ಕಳಿಸಿ ಅನ್ನಲಿಲ್ಲ, ದಾರಿ ಸರಿ ಮಾಡಲು ಹೊರಟರು.

ಇದೇ ಬಗೆಯ ‘ವಾಕಿಂಗ್ ಬಸ್’ ಕಲ್ಪನೆಯನ್ನು ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಚ್ 1990ರ ದಶಕದ ಮೊದಲಲ್ಲಿ ಹಬ್ಬಿಸಿದರು. ಬಸ್ಸಿನ ಹಾಗೇ ರೂಟು, ಸ್ಟಾಪು, ಟೈಮು. ವ್ಯತ್ಯಾಸ ಇಷ್ಟೇ, ಬಸ್ಸೇ ಇರುವುದಿಲ್ಲ. ಮುಂದೊಬ್ಬ ದೊಡ್ಡವರು, ಹಿಂದೊಬ್ಬರು, ನಡುವೆ ಮಕ್ಕಳು. ಬಾರ್ಸಿಲೋನಾದಲ್ಲಿ 2021ರಿಂದ ಇದನ್ನೇ ಸೈಕಲ್ಲಿನಲ್ಲಿ ಮಾಡುತ್ತಿದ್ದಾರೆ. ಗುಂಪಾಗಿ ಹೋದರೆ ಗಾಡಿಯವರ ಕಣ್ಣಿಗೆ ಬೀಳುವುದು ಒಂದು ಲಾಭ. ದೊಡ್ಡ ಲಾಭ ಪೋಷಕರಿಗೆ. ಹತ್ತು ಮನೆಯವರು ಸರದಿ ಹಾಕಿಕೊಂಡು ದಿನಕ್ಕೆ ಇಬ್ಬರು ಹೋದರೆ, ಒಬ್ಬೊಬ್ಬರಿಗೆ ವಾರದಲ್ಲಿ ಒಂದೇ ದಿನದ ಕೆಲಸ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಗುತ್ತಾ ಬರುತ್ತಾ ಚುರುಕಾಗಿ ಕಾಲು ಕಾಲು ಗಂಟೆ ನಡೆದರೆ ಅರ್ಧ ಅಲ್ಲೇ ಮುಗಿಯಿತು.

ಬ್ಯಾಗಿನ ಭಾರದ ಮಾತು ಬರಲೇಬೇಕು. ನಡೆಸೋಣ ಅಂದರೆ ಆ ಮೂಟೆ ಹೊತ್ತು ಹೇಗೆ ಅಂತ ಕೇಳುತ್ತಾರೆ, ಕೇಳುವುದು ನ್ಯಾಯವೇ. 2019ರಲ್ಲಿ ರಾಜ್ಯ ಸರ್ಕಾರ ಮಿತಿ ಹಾಕಿದೆ. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆಜಿ. ಒಂಬತ್ತು, ಹತ್ತಕ್ಕೆ ನಾಲ್ಕರಿಂದ ಐದು. ನಿಮ್ಮ ಮನೆಯ ಬ್ಯಾಗನ್ನು ಇವತ್ತು ತಕ್ಕಡಿಗೆ ಹಾಕಿ ನೋಡಿ. ಪುಸ್ತಕಗಳನ್ನು ತರಗತಿಯಲ್ಲೇ ಇಡಲು ಒಂದು ಬೀರು ಕೊಡುವ ಶಾಲೆ, ಪರಿಸರ ದಿನಕ್ಕೆ ಸಸಿ ಹಂಚುವ ಶಾಲೆಗಿಂತ ಜಾಸ್ತಿ ಹಸಿರು ಕೆಲಸ ಮಾಡಿದಂತೆ.

ದೂರ ಅನ್ನುವ ಗಂಟು

ಇಷ್ಟೆಲ್ಲ ಹೇಳಿದರೂ ಶಾಲೆ 12 ಕಿಲೋಮೀಟರ್ ದೂರ ಇದ್ದರೆ ಯಾವ ಮಗುವೂ ನಡೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮದಲ್ಲಿ ‘ನೆರೆಹೊರೆಯ ಶಾಲೆ’ ಅಂದರೆ ಐದನೇ ತರಗತಿವರೆಗೆ 1 ಕಿಲೋಮೀಟರ್ ಒಳಗೆ, ಎಂಟರವರೆಗೆ 3 ಕಿಲೋಮೀಟರ್ ಒಳಗೆ. ಸರ್ಕಾರಿ ಶಾಲೆಗಳು ಹೆಚ್ಚುಕಡಿಮೆ ಹಾಗೇ ಇವೆ, ಅಲ್ಲಿನ ಮಕ್ಕಳು ನಡೆದೇ ಬರುತ್ತಾರೆ. ಕಾರಿನ ಸಾಲು ಇರುವುದು ಊರಿನ ಆ ತುದಿಯಿಂದ ಈ ತುದಿಗೆ ಮಕ್ಕಳನ್ನು ಸೆಳೆಯುವ ಶಾಲೆಗಳ ಮುಂದೆ. ಮಗು ಹೇಗೆ ಶಾಲೆಗೆ ಹೋಗುತ್ತದೆ ಅನ್ನುವುದು ದಿನಾ ಬೆಳಿಗ್ಗೆ ನಿರ್ಧಾರವಾಗುವುದಿಲ್ಲ, ಅಡ್ಮಿಷನ್ ಫಾರಂ ತುಂಬಿದ ದಿನವೇ ಆಗಿಹೋಗಿರುತ್ತದೆ. ಹೆಸರಿನ ಹಿಂದೆ ಹೋಗಿ ಮಗುವಿಗೆ ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ತೂಕಡಿಸುವ ಬದುಕು ಕೊಡುತ್ತಿದ್ದೇವಲ್ಲ, ಇದು ನನಗೆ ಬಹಳ ಕಾಡುವ ವಿಷಯ.

ದೂರದವರಿಗೆ ಉತ್ತರ ಬಸ್ಸು. ಶಾಲೆಯದ್ದಾದರೂ ಸರಿ, ಬಿಎಂಟಿಸಿಯದ್ದಾದರೂ ಸರಿ. ನಲವತ್ತು ಮಕ್ಕಳ ಒಂದು ಬಸ್ಸು ನಿಲ್ಲುವ ಜಾಗದಲ್ಲಿ ಹೆಚ್ಚೆಂದರೆ ಎರಡು ಕಾರು ಹಿಡಿಸುತ್ತವೆ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಇದೆ. ಕಾರು ಬಿಟ್ಟು ಸ್ಕೂಟರಿಗೆ ಬಂದರೆ ಜಾಗ ಉಳಿಯುತ್ತದೆ, ಆದರೆ ಹೆಲ್ಮೆಟ್ ಇಲ್ಲದ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ಹಸಿರು ಅಂತ ಕರೆಯಲು ನನಗೆ ಮನಸ್ಸಿಲ್ಲ.

ಬೆಂಗಳೂರು ದಾಟಿದರೆ ಚಿತ್ರವೇ ಬೇರೆ. ಅಲ್ಲಿ ಕಾರು ಬಿಡಿಸುವ ಪ್ರಶ್ನೆ ಇಲ್ಲ, ನಡೆಯುವವರಿಗೆ ದಾರಿ ಕೊಡುವ ಪ್ರಶ್ನೆ. ಉಡುಪಿ ಕಡೆ ಮಳೆಗಾಲದಲ್ಲಿ ಕಾಲುಸಂಕ ದಾಟುವಾಗ ಶಾಲೆ ಮಕ್ಕಳು ಹಳ್ಳಕ್ಕೆ ಬಿದ್ದ ಸುದ್ದಿ ಬಂದಿದ್ದಿದೆ. ದೂರದ ಹೈಸ್ಕೂಲಿಗೆ ಸೈಕಲ್ ಎಷ್ಟು ದೊಡ್ಡ ವಿಷಯ ಅನ್ನುವುದನ್ನು ಬಿಹಾರ ತೋರಿಸಿತು. ಅಲ್ಲಿ 2006ರಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಮಾಡಿದ ಅಧ್ಯಯನದ ಪ್ರಕಾರ ಆ ವಯಸ್ಸಿನ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತು. ಕರ್ನಾಟಕದಲ್ಲೂ 2006–07ರಿಂದ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಹುಡುಗ ಹುಡುಗಿಯರಿಗೆ ಸೈಕಲ್ ಸಿಗುತ್ತಿತ್ತು. ಕೋವಿಡ್ ಬಂದ ಮೇಲೆ ನಿಂತುಹೋಯಿತು. ಬ್ರೇಕ್ ಸಡಿಲ, ಬೋಲ್ಟ್ ಸಡಿಲ ಅಂತ ದೂರುಗಳಿದ್ದವು, ಸಿಕ್ಕ ವಾರವೇ ಪಂಕ್ಚರ್ ಅಂಗಡಿಗೆ ಒಯ್ಯಬೇಕಿತ್ತು ಅಂತ ಬೈದವರೂ ಇದ್ದರು. ಆದರೂ ಸಂಜೆ ಹೊತ್ತು ಹಳ್ಳಿ ದಾರಿಯಲ್ಲಿ ಸಾಲಾಗಿ ಬರುತ್ತಿದ್ದ ಆ ಸೈಕಲ್ಲುಗಳಷ್ಟು ಹಸಿರಾದ ಶಾಲಾ ಯೋಜನೆ ನಮ್ಮಲ್ಲಿ ಇನ್ನೊಂದು ಬಂದಿಲ್ಲ.

ನಿಮ್ಮ ಶಾಲೆಯಲ್ಲಿ ಶುರು ಮಾಡಬೇಕು ಅನ್ನಿಸಿದರೆ ಮೊದಲು ಒಂದು ನಕ್ಷೆ ತೆಗೆದುಕೊಳ್ಳಿ. ಮಕ್ಕಳ ಹೆಸರು ಬೇಡ, ಮನೆ ಯಾವ ಬೀದಿ ಅನ್ನುವುದಕ್ಕೆ ಒಂದೊಂದು ಚುಕ್ಕಿ ಇಡಿ. ಒಂದೂವರೆ ಕಿಲೋಮೀಟರ್ ಒಳಗೆ ಎಷ್ಟು ಚುಕ್ಕಿ ಒತ್ತಾಗಿವೆ ನೋಡಿ, ನಡೆಯುವ ಗುಂಪು ಅಲ್ಲಿಂದ ಹೊರಡಬಹುದು. ದೂರದ ಚುಕ್ಕಿಗಳು ಒಂದೇ ದಿಕ್ಕಿನಲ್ಲಿದ್ದರೆ ಬಸ್ ರೂಟು ಕೇಳಲು ಆಧಾರ ಸಿಕ್ಕಿತು. ಪೋಷಕರ ಸಭೆಯಲ್ಲಿ, ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ, ನಡೆಸುತ್ತೀರಾ ಅಂತ ಕೇಳಬೇಡಿ. ಗೇಟಿನ ಮುಂದೆ ಗಾಡಿ ಇರದಿದ್ದರೆ ನಡೆಸುತ್ತೀರಾ ಅಂತ ಕೇಳಿ. ಎಷ್ಟು ಕೈ ಮೇಲೆ ಬಂದವು ಎಂದು ಬರೆದುಕೊಂಡು, ಆ ಕಾಗದದ ಜೊತೆ ಸ್ಥಳೀಯ ಟ್ರಾಫಿಕ್ ಪೊಲೀಸ್ ಠಾಣೆಗೆ ಹೋಗಿ, ಒಂದು ವಾರದ ಮಟ್ಟಿಗೆ ಬೆಳಿಗ್ಗೆ ಮುಕ್ಕಾಲು ಗಂಟೆ ಎರಡು ಬ್ಯಾರಿಕೇಡ್ ಮತ್ತು ಒಬ್ಬ ಸಿಬ್ಬಂದಿ ಕೊಡಿ ಅಂತ ಕೇಳಬಹುದು. ಜೂನ್‌ನಲ್ಲಿ ಬೇಡ, ಮಳೆಗೆ ಎಲ್ಲರೂ ಕಾರು ತೆಗೆಯುತ್ತಾರೆ. ದಸರಾ ರಜೆ ಮುಗಿದ ಮೇಲಿನ ನವೆಂಬರ್ ಒಳ್ಳೆಯ ತಿಂಗಳು.